ಆರು ರೋಗದ ಮಾತು, ಒಂದೇ ಡೋಸಿನ ಲೆಕ್ಕ

ಅಮೆರಿಕದಲ್ಲಿರೋ ಅಕ್ಕನ ಮಗಳು ಮೊನ್ನೆ ಇನ್ಶೂರೆನ್ಸ್‌ನವರು ಕಳಿಸಿದ ಕಾಗದದ ಫೋಟೋ ವಾಟ್ಸಾಪ್ ಮಾಡಿ, "ಚಿಕ್ಕಮ್ಮ, ಪಾಪುಗೆ ಹಾಕಿದ್ದು ಎರಡೇ ಇಂಜೆಕ್ಷನ್, ಒಂದು ಡ್ರಾಪ್ಸು. ಬಿಲ್ ಯಾಕೆ ಇಷ್ಟುದ್ದ? ಮೋಸ ಮಾಡ್ತಿದಾರಾ?" ಅಂದ್ಲು. ಬೆಂಗಳೂರಲ್ಲಿ ಕೂತು ಅಲ್ಲಿನ ಮಕ್ಕಳ ಡಾಕ್ಟರುಗಳ ಕ್ಲೇಮಿಗೆ, ಅಂದ್ರೆ ಇನ್ಶೂರೆನ್ಸಿಂದ ದುಡ್ಡು ಕೇಳೋ ಅರ್ಜಿಗೆ, ಕೋಡ್ ಹಾಕೋದೇ ನನ್ನ ಹೊಟ್ಟೆಪಾಡು. ಒಂದೊಂದು ಔಷಧಕ್ಕೂ, ಒಂದೊಂದು ಕೆಲಸಕ್ಕೂ ಒಂದೊಂದು ನಂಬರು, ಅದೇ ಕೋಡ್. ಮೋಸ ಅಲ್ಲ ಕಣೇ ಅಂದೆ.

ಅವಳ ಎರಡು ತಿಂಗಳ ಮಗುವಿನ ಲೆಕ್ಕವನ್ನೇ ನೋಡಿ. ವ್ಯಾಕ್ಸೆಲಿಸ್ ಅನ್ನೋ ಕಾಂಬಿನೇಷನ್ ಲಸಿಕೆಗೆ 90697, ನ್ಯುಮೋನಿಯಾ ತಡೆಯೋ ಪಿಸಿವಿ20ಕ್ಕೆ 90677, ಭೇದಿ ತಡೆಯೋ ರೋಟಾ ಹನಿಗೆ 90680. ಇದು ಬರೀ ಔಷಧದ ಬಾಬ್ತು. ಕೊಡೋ ಕೆಲಸದ ಕೋಡೇ ಬೇರೆ. ಡಾಕ್ಟರು ತಾವೇ ಕೂತು ಹೆತ್ತವರಿಗೆ ತಿಳಿಸಿ ಹೇಳಿದ್ರೆ, ಪ್ರತಿ ಲಸಿಕೆಯ ಮೊದಲ ಕಾಂಪೊನೆಂಟಿಗೆ (ಲಸಿಕೆ ತಡೆಯೋ ಒಂದೊಂದು ರೋಗವೂ ಒಂದು ಕಾಂಪೊನೆಂಟ್) 90460, ಅದೇ ಲಸಿಕೆಯಲ್ಲಿ ಉಳಿದ ಒಂದೊಂದಕ್ಕೂ 90461. ವ್ಯಾಕ್ಸೆಲಿಸ್‌ನ ಒಂದೇ ಸೂಜಿಯಲ್ಲಿ ಗಂಟಲಮಾರಿ, ಧನುರ್ವಾಯು, ನಾಯಿಕೆಮ್ಮು, ಪೋಲಿಯೊ, ಹಿಬ್ (ಮಿದುಳುಜ್ವರ ತರೋ ಒಂದು ಬ್ಯಾಕ್ಟೀರಿಯಾ), ಹೆಪಟೈಟಿಸ್ ಬಿ, ಒಟ್ಟು ಆರು. ಹಾಗಾಗಿ ಮೂರು ಲಸಿಕೆಗೆ ಮೂರು 90460, ಜೊತೆಗೆ ಐದು 90461. ಪಿಸಿವಿ20ರಲ್ಲಿ ಇಪ್ಪತ್ತು ತಳಿ ಇದ್ರೂ ಲೆಕ್ಕಕ್ಕೆ ಒಂದೇ. ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗರು ಎಡವೋದು ಇಲ್ಲೇ. ಮಾತಾಡಿದ್ದು ನರ್ಸ್ ಆದ್ರೆ 90460 ಇಲ್ಲ, 90471ರ ಸಾಲಿನ ಕೋಡುಗಳು. (ಅಳೋ ಕೂಸನ್ನ ಹಿಡ್ಕೊಂಡು ಅಮ್ಮನಿಗೆ ಸಮಾಧಾನ ಹೇಳೋದು ಬಹಳ ಕಡೆ ನರ್ಸೇ. ಅದು ಇನ್ನೊಂದು ಜಗಳ, ಬಿಡಿ.)

ಹೀಗೆ ಕಾಂಪೊನೆಂಟ್ ಎಣಿಸೋದು ಶುರುವಾಗಿದ್ದು 2011ರಲ್ಲಿ. ಅದಕ್ಕೆ ಮುಂಚೆ ಎಣಿಸ್ತಿದ್ದದ್ದು ಎಷ್ಟು ಲಸಿಕೆ ಅಂತ. ಕಾಂಬಿನೇಷನ್ ಲಸಿಕೆ ಹಾಕಿ ಮಗುವಿಗೆ ಸೂಜಿ ಕಮ್ಮಿ ಮಾಡಿದ ಡಾಕ್ಟರಿಗೇ ದುಡ್ಡೂ ಕಮ್ಮಿ! ಆರು ರೋಗದ ಬಗ್ಗೆ ಅಮ್ಮಂದಿರು ಕೇಳೋ ಪ್ರಶ್ನೆ ಸೂಜಿ ಒಂದಾದ ಮಾತ್ರಕ್ಕೆ ಕಮ್ಮಿ ಆಗಲ್ಲವಲ್ಲ. ಬದಲಾಯಿಸಿದ್ದು ಸರಿ ಅಂತಲೇ ನನ್ನ ಅಭಿಪ್ರಾಯ.

ನನಗೆ ಸಿಟ್ಟು ಬರೋದು ವಿಎಫ್‌ಸಿ ಕ್ಲೇಮು ಪರದೆ ಮೇಲೆ ಬಂದಾಗ. ವ್ಯಾಕ್ಸೀನ್ಸ್ ಫಾರ್ ಚಿಲ್ಡ್ರನ್ ಅಂತ ಅಲ್ಲಿನ ಸರ್ಕಾರದ ಯೋಜನೆ. 1989ರಿಂದ 91ರವರೆಗೆ ದಡಾರ ಹಬ್ಬಿ, ಬಡ ಮಕ್ಕಳಿಗೆ ಲಸಿಕೆಯೇ ಸಿಕ್ಕಿಲ್ಲ ಅಂತ ಬಯಲಾದ ಮೇಲೆ 1993ರಲ್ಲಿ ಕಾನೂನು ಮಾಡಿ, ಮರುವರ್ಷ ಜಾರಿಗೆ ತಂದ್ರು. ಮೆಡಿಕೇಡ್‌ನಲ್ಲಿರೋರು (ಬಡವರಿಗಿರೋ ಸರ್ಕಾರಿ ಇನ್ಶೂರೆನ್ಸ್), ಇನ್ಶೂರೆನ್ಸ್ ಇಲ್ಲದವರು, ಮೂಲನಿವಾಸಿಗಳು, ಹೀಗೆ ಆ ದೇಶದ ಹೆಚ್ಚುಕಮ್ಮಿ ಅರ್ಧದಷ್ಟು ಮಕ್ಕಳಿಗೆ ಲಸಿಕೆ ಪುಕ್ಕಟೆ. ನಿಜಕ್ಕೂ ದೊಡ್ಡ ಕೆಲಸ. ಆದರೆ ಆ ಮಕ್ಕಳಿಗೆ ಲಸಿಕೆ ಹಾಕಿದ್ದಕ್ಕೆ ಡಾಕ್ಟರಿಗೆ ಸಿಗೋ ಶುಲ್ಕ ಡೋಸಿಗಿಷ್ಟು ಅಂತ, ಕಾಂಪೊನೆಂಟಿಗಲ್ಲ. ಅದೇ ವ್ಯಾಕ್ಸೆಲಿಸ್, ಅದೇ ಆರು ರೋಗ, ಅದೇ ಡಾಕ್ಟರು. ಖಾಸಗಿ ಇನ್ಶೂರೆನ್ಸಿನ ಮಗುವಿಗೆ ಐದು 90461ಕ್ಕೂ ದುಡ್ಡು ಬರುತ್ತೆ. ಮೆಡಿಕೇಡ್ ಮಗುವಿಗೆ ಆ ಸಾಲಿನ ಎದುರು ಸೊನ್ನೆ.

ಎರಡು ಕೆಲಸ ಮಾಡಿ ಸುಸ್ತಾಗಿ, ಫೋನಲ್ಲಿ ಏನೇನೋ ನೋಡಿ ಹೆದರಿ ಬಂದ ತಾಯಿಗೆ ಹೆಚ್ಚು ಹೊತ್ತು ಕೂತು ಹೇಳಬೇಕಾಗುತ್ತೆ, ಕಮ್ಮಿ ಹೊತ್ತಲ್ಲ. ಕಾನೂನು ಬರೆದಾಗ ಒಂದು ಸೂಜಿಯಲ್ಲಿ ಆರು ರೋಗದ ಲಸಿಕೆ ಇರಲಿಲ್ಲ, ಒಪ್ಪೋಣ. ಈಗ ಇದೆ. ಆ ಒಂದು ಸಾಲು ತಿದ್ದೋಕೆ ವಾಷಿಂಗ್ಟನ್‌ನವರಿಗೆ ಇನ್ನೂ ಪುರಸೊತ್ತಾಗಿಲ್ಲ ಅಂದ್ರೆ ಏನು ಹೇಳೋದು?