ಜೈಲಿನ ದೂರು ಪೆಟ್ಟಿಗೆ, ಕೀಲಿ ಯಾರ ಹತ್ರ?

ಪರಪ್ಪನ ಅಗ್ರಹಾರದ ಆ ಫೋಟೊ ನೆನಪಿದೆ ಅಲ್ವಾ? 2024ರ ಆಗಸ್ಟ್. ಜೈಲಿನ ಲಾನ್‌ನಲ್ಲಿ ಕುರ್ಚಿ ಹಾಕಿಕೊಂಡು ಕೂತ ನಟ ದರ್ಶನ್, ಕೈಯಲ್ಲಿ ಸಿಗರೇಟು, ಕಾಫಿ ಮಗ್. ಫೋಟೊ ವೈರಲ್ ಆದ ಮೇಲೆ ಸಿಬ್ಬಂದಿ ಸಸ್ಪೆಂಡ್ ಆದರು, ದರ್ಶನ್ ಅವರನ್ನು ಬಳ್ಳಾರಿ ಜೈಲಿಗೆ ಕಳಿಸಿದರು. (ಅಭಿಮಾನಿಗಳೇ, ಕಾಮೆಂಟ್‌ನಲ್ಲಿ ಬಯ್ಯಬೇಡಿ. ಇದು ಅವರ ಕೇಸಿನ ಬಗ್ಗೆ ಅಲ್ಲ.)

ನಮಗೆಲ್ಲ ವಿಷಯ ಗೊತ್ತಾಗಿದ್ದು ಫೋಟೊದಿಂದ. ಹಾಗಾದರೆ ಫೋಟೊ ಸಿಗದ ವಿಷಯಗಳ ಗತಿ ಏನು? ಏಟು ತಿಂದವನು, ಔಷಧಿ ಸಿಗದವನು ಯಾರಿಗೆ ಹೇಳಬೇಕು? ವಾರ್ಡರ್ ಮೇಲಿನ ದೂರನ್ನು ವಾರ್ಡರ್ ಸಾಹೇಬರಿಗೇ ಕೊಟ್ಟು, ರಾತ್ರಿ ಅದೇ ಬ್ಯಾರಕ್‌ಗೆ ಹೋಗಿ ಮಲಗಬೇಕು.

2017ರ ಜೂನ್‌ನಲ್ಲಿ ಮುಂಬೈನ ಬೈಕುಲಾ ಜೈಲಿನಲ್ಲಿ ಒಬ್ಬ ಮಹಿಳಾ ಕೈದಿ ಸತ್ತರು. ಜಗಳ ಶುರುವಾಗಿದ್ದು ರೇಷನ್‌ನಲ್ಲಿ ಕಡಿಮೆಯಾದ ಎರಡು ಮೊಟ್ಟೆ, ಐದು ಪಾವ್‌ಗೆ. ಸಿಬ್ಬಂದಿ ಹೊಡೆದು ಕೊಂದರು ಅಂತ ಕೊಲೆ ಕೇಸ್ ಆಯಿತು. ಆದರೆ ಸಾವನ್ನು ಕೇಳಿ ಗಲಾಟೆ ಎಬ್ಬಿಸಿದ ಕೈದಿಗಳ ಮೇಲೂ ದೊಂಬಿ ಕೇಸ್ ಬಿತ್ತು! ಇದನ್ನು ನೋಡಿದ ಮೇಲೆ ಯಾರು ಬಾಯಿ ಬಿಡುತ್ತಾರೆ? ಕೈದಿ ಹಾಗಿರಲಿ, 2017ರಲ್ಲೇ ಪರಪ್ಪನ ಅಗ್ರಹಾರದ ಬಗ್ಗೆ ವರದಿ ಕೊಟ್ಟ ಡಿಐಜಿ ರೂಪಾ ಕೆಲವೇ ದಿನದಲ್ಲಿ ವರ್ಗ ಆದರು.

ಕಾನೂನು ಇಲ್ಲ ಅಂತಲ್ಲ. ಜೊತೆಯ ಕೈದಿಗೆ ವಾರ್ಡರ್ ಕೊಟ್ಟ ಹಿಂಸೆಯ ಬಗ್ಗೆ ತಿಹಾರ್‌ನಿಂದ ಸುನಿಲ್ ಬಾತ್ರಾ ಬರೆದ ಪತ್ರವನ್ನೇ ಸುಪ್ರೀಂ ಕೋರ್ಟ್ ಅರ್ಜಿ ಅಂತ ತಗೊಂಡಿತ್ತು. 1979ರ ಆ ತೀರ್ಪಿನಲ್ಲೇ ಜೈಲುಗಳಲ್ಲಿ ದೂರು ಪೆಟ್ಟಿಗೆ ಇಡಿ ಅಂತ ಹೇಳಿದೆ. ಅದು ಜಿಲ್ಲಾ ಮ್ಯಾಜಿಸ್ಟ್ರೇಟ್, ಸೆಷನ್ಸ್ ಜಡ್ಜ್ ಸುಪರ್ದಿಯಲ್ಲಿರಬೇಕು, ಜೈಲರ್ ಸುಪರ್ದಿಯಲ್ಲಲ್ಲ. ಅಷ್ಟಾದರೂ ಪೆಟ್ಟಿಗೆ ವಾರ್ಡರ್ ಕಣ್ಣೆದುರಿಗಿದ್ದರೆ ಚೀಟಿ ಹಾಕುವ ಧೈರ್ಯ ಯಾರಿಗಿದೆ? ಬರೆಯಲು ಬಾರದವನಿಗೆ ಚೀಟಿ ಬರೆದುಕೊಡುವವರು ಯಾರು?

ಹೊರಗಿನ ಸಂದರ್ಶಕರನ್ನು ನೇಮಿಸುವ ವ್ಯವಸ್ಥೆಯೂ ಇದೆ. ಆದರೆ ಬರ್ತಾರೆ ಅಂತ ಮೊದಲೇ ಗೊತ್ತಾದರೆ ಆ ದಿನ ಸಾಂಬಾರಿನಲ್ಲಿ ತರಕಾರಿ ಜಾಸ್ತಿ ಇರುತ್ತದೆ, ಅಷ್ಟೇ. ಇಂಗ್ಲೆಂಡಿನಲ್ಲಿ ಜೈಲು ಇನ್‌ಸ್ಪೆಕ್ಟರ್‌ಗಳು ಹೇಳದೆ ಕೇಳದೆ ಹೋಗುತ್ತಾರೆ, ವರದಿ ಎಲ್ಲರಿಗೂ ಓದಲು ಸಿಗುತ್ತದೆ. ನಮ್ಮಲ್ಲೂ 2006ರ ತಿದ್ದುಪಡಿ ಆದ ಮೇಲೆ ಮಾನವ ಹಕ್ಕು ಆಯೋಗ ಸರ್ಕಾರಕ್ಕೆ ಮುಂಚೆ ತಿಳಿಸದೆ ಜೈಲಿಗೆ ಹೋಗಬಹುದು. ಹೋಗಲಿ ಮತ್ತೆ.

"ಕಳ್ಳರಿಗೆ ಇಷ್ಟೆಲ್ಲ ಯಾಕೆ?" ಅನ್ನುವವರಿಗೆ: ನಮ್ಮ ಜೈಲುಗಳಲ್ಲಿರುವ ನಾಲ್ವರಲ್ಲಿ ಸುಮಾರು ಮೂವರು ವಿಚಾರಣಾಧೀನರು. ತಪ್ಪು ಇನ್ನೂ ಸಾಬೀತಾಗಿಲ್ಲ.

ನನ್ನ ಪ್ರಕಾರ ಜೈಲು ಇಲಾಖೆಗೆ ಸಂಬಂಧವೇ ಇಲ್ಲದ ಒಂದು ತಂಡ ಬೇಕು. ವಾರ್ಡರ್‌ನನ್ನು ದೂರ ನಿಲ್ಲಿಸಿ ಕೈದಿಯ ಜೊತೆ ಮಾತಾಡಬೇಕು. ಒಂದು ತಿಂಗಳ ಮೇಲೆ ಅದೇ ತಂಡ ವಾಪಸ್ ಬಂದು, ದೂರು ಕೊಟ್ಟವನು ಅಲ್ಲೇ ಇದ್ದಾನಾ, ಬೇರೆ ಜೈಲಿಗೆ ಸಾಗಿಸಿದರಾ ಅಂತ ನೋಡಬೇಕು.