ಲೆದರ್ ಸೀಟಿಗೆ ಎಣ್ಣೆಸ್ನಾನ ಬೇಡ

ಹತ್ತು ವರ್ಷ ದಾಟಿದ ಕಾರಿನ ಲೆದರ್ ಸೀಟು ಬಿರುಕು ಬಿಟ್ಟರೆ ಎಲ್ಲರ ಬಾಯಲ್ಲೂ ಒಂದೇ ಮಾತು: "ಒಣಗಿದೆ, ಕಂಡಿಷನರ್ ಹಚ್ಚಿ." ಹಚ್ಚುತ್ತಾರೆ. ನಾಲ್ಕು ದಿನ ಫಳಫಳ ಅನ್ನುತ್ತದೆ. ಬಿರುಕು ಮಾತ್ರ ಇದ್ದಲ್ಲೇ ಇರುತ್ತದೆ. ನನ್ನ ಪ್ರಕಾರ ಈ ಸೀಟುಗಳು ಹೆಚ್ಚಾಗಿ ಹಾಳಾಗುವುದು ಕೊಳೆಯಿಂದ, ಕ್ರೀಮು ಸಾಲದೆ ಅಲ್ಲ.

ಈಗಿನ ಬಹುತೇಕ ಕಾರುಗಳ ಸೀಟಿನ ಚರ್ಮವನ್ನು ಕ್ರೋಮ್ ಅಥವಾ ಅಂಥದೇ ರಾಸಾಯನಿಕದಲ್ಲಿ ಹದ ಮಾಡಿ, ಮೇಲೆ ಬಣ್ಣದ ಪದರ ಕೊಟ್ಟು, ಅದರ ಮೇಲೆ ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್‌ನ ತೆಳು ಕೋಟ್ ಹೊಡೆದಿರುತ್ತಾರೆ. ನಾವು ಕೂರುವುದು, ಒರೆಸುವುದು ಎಲ್ಲ ಆ ಕೋಟ್ ಮೇಲೆಯೇ. ಧೂಳು ಅದನ್ನು ಉಜ್ಜಿ ಸವೆಸುತ್ತದೆ, ಬೆವರು ಮತ್ತು ತಲೆಯೆಣ್ಣೆ ಮೆತ್ತಗೆ ಮಾಡುತ್ತವೆ. ಬಿರುಕು ಮೊದಲು ಬೀಳುವುದೂ ಅಲ್ಲೇ. ಡಬ್ಬಿಯ ಮೇಲೆ "ಆಳಕ್ಕೆ ಇಳಿದು ಪೋಷಿಸುತ್ತದೆ" ಎಂದು ಬರೆದಿದ್ದರೂ, ಗಟ್ಟಿ ಕೋಟ್ ಇರುವ ಕಡೆ ಕಂಡಿಷನರ್ ಒಳಗೆ ಇಳಿಯುವುದು ತೀರಾ ಕಡಿಮೆ. ಹಳೆಯ ಜಾಗ್ವಾರ್, ರೋಲ್ಸ್ ರಾಯ್ಸ್ ಕಾರುಗಳಿಗೆ ಕಾನೊಲಿ ಕಂಪನಿ ಕೊಡುತ್ತಿದ್ದ ಚರ್ಮದ ಲೆಕ್ಕವೇ ಬೇರೆ, ಅದಕ್ಕೆ ಕ್ರೀಮು ಬೇಕಿತ್ತು. ಆ ಕಾಲದ ಸಲಹೆಯನ್ನು ನಾವು ಇನ್ನೂ ಪಾಲಿಸುತ್ತಿದ್ದೇವೆ, ಅಷ್ಟೇ.

ಮೊದಲು ನಿಮ್ಮ ಸೀಟು ಚರ್ಮವೋ ರೆಕ್ಸಿನ್ನೋ ನೋಡಿ. ಮೊಬೈಲ್ ಟಾರ್ಚ್ ಹಿಡಿದು ಸೀಟಿನ ಕೆಳಗೆ, ಹೊದಿಕೆ ಮಡಚಿ ಕ್ಲಿಪ್ ಹಾಕಿರುವ ಕಡೆ, ಕತ್ತರಿಸಿದ ಅಂಚನ್ನು ಪರೀಕ್ಷಿಸಿ. ಒಳಬದಿ ನಾರುನಾರಾಗಿ ಮಖಮಲ್ಲಿನಂತಿದ್ದರೆ ಚರ್ಮ, ನೇಯ್ದ ಅಥವಾ ಹೆಣೆದ ಬಟ್ಟೆ ಕಂಡರೆ ರೆಕ್ಸಿನ್. ಶೋರೂಮಿನವರು "ಲೆದರ್ ಸೀಟ್" ಎಂದಿದ್ದರೂ ಎಷ್ಟೋ ಕಾರುಗಳಲ್ಲಿ ಬೆನ್ನು, ತೊಡೆ ತಾಗುವ ಭಾಗ ಮಾತ್ರ ಚರ್ಮ, ಪಕ್ಕ ಮತ್ತು ಹಿಂಬದಿ ರೆಕ್ಸಿನ್. ಮರ್ಸಿಡಿಸ್‌ನ ಹೆಸರುವಾಸಿ ಎಂಬಿ-ಟೆಕ್ಸ್ ಕೂಡ ಚರ್ಮವಲ್ಲ, ವಿನೈಲ್ ಎಂಬ ಪ್ಲಾಸ್ಟಿಕ್. ರೆಕ್ಸಿನ್‌ಗೆ ಲೆದರ್ ಕಂಡಿಷನರ್ ಹಚ್ಚುವುದು ದುಡ್ಡು ದಂಡ. ಅಗ್ಗದ ಪಿಯು (ಪಾಲಿಯುರೆಥೇನ್) ರೆಕ್ಸಿನ್ ಹೊಟ್ಟಿನಂತೆ ಉದುರುತ್ತಿದ್ದರೆ ಅದು ವರ್ಷಾನುಗಟ್ಟಲೆ ತೇವ, ಸೆಖೆ ತಿಂದ ಫಲ. ಅದಕ್ಕೆ ಮದ್ದಿಲ್ಲ, ಹೊದಿಕೆ ಬದಲಿಸಬೇಕು.

ಚರ್ಮವೇ ಎಂದಾದರೆ ಮರೆಯಾದ ಜಾಗದಲ್ಲಿ ಒಂದು ಹನಿ ನೀರು ಹಾಕಿ ಒಂದು ನಿಮಿಷ ಕಾಯಿರಿ. ಮಣಿಯಂತೆ ನಿಂತರೆ ಕೋಟ್ ಗಟ್ಟಿಯಿದೆ. ಹೀರಿಕೊಂಡು ಕಪ್ಪಾದರೆ ಅದು ಕೋಟ್ ಇಲ್ಲದ ಚರ್ಮ, ಇಲ್ಲವೇ ಕೋಟ್ ಸವೆದಿದೆ. ಹಾಗಿದ್ದರೆ ನೀರು, ನೊರೆ ಎರಡನ್ನೂ ಅರ್ಧಕ್ಕೆ ಇಳಿಸಿ.

ಇನ್ನು ತೊಳೆಯುವ ಕೆಲಸ. ಕಾರು ನೆರಳಲ್ಲಿರಲಿ, ಸೀಟು ತಣ್ಣಗಿರಲಿ. ವ್ಯಾಕ್ಯೂಮ್‌ಗೆ ಬ್ರಷ್ ಇರುವ ಮೂತಿ ಹಾಕಿ ಹೊಲಿಗೆಯ ಸಾಲು, ಬೆನ್ನು-ಕೂರುವ ಭಾಗ ಸೇರುವ ಸಂದು ಎಲ್ಲ ಎಳೆಯಿರಿ. ಇದನ್ನು ಬಿಟ್ಟು ನೇರ ಒದ್ದೆ ಬಟ್ಟೆ ಆಡಿಸಿದರೆ ಮರಳನ್ನೇ ಸೀಟಿಗೆ ತಿಕ್ಕಿದಂತೆ. ಲೆದರ್ ಕ್ಲೀನರನ್ನು ಸೀಟಿಗೆ ಸುರಿಯಬೇಡಿ, ಮೆತ್ತನೆಯ ಬ್ರಷ್‌ಗೆ ಹಾಕಿ. ಒಂದು ಸೀಟಿಗೆ 15ರಿಂದ 20 ಮಿಲಿ ಧಾರಾಳ. ಒಂದು ಅಡಿ ಚೌಕದಷ್ಟು ಜಾಗ ಆರಿಸಿಕೊಂಡು, ಒತ್ತದೆ, ನೊರೆ ಬರುವಂತೆ ಸುತ್ತಿಸಿ. ನೊರೆ ಒಣಗುವ ಮುಂಚೆಯೇ ಒದ್ದೆ ಮೈಕ್ರೋಫೈಬರ್ ಬಟ್ಟೆಯಿಂದ ತೆಗೆದು ಒಣಬಟ್ಟೆ ಆಡಿಸಿ. ಒಣಗಲು ಬಿಟ್ಟರೆ ಎಬ್ಬಿದ ಕೊಳೆ ಸುಕ್ಕಿನೊಳಗೇ ಕೂರುತ್ತದೆ. ಬಟ್ಟೆ ಕಂದು ಬಣ್ಣಕ್ಕೆ ತಿರುಗುವುದು ನಿಲ್ಲುವವರೆಗೆ ಇದೇ ಸುತ್ತು. ಆದರೆ ಬಟ್ಟೆಗೆ ಸೀಟಿನದೇ ಬಣ್ಣ ಬರುತ್ತಿದ್ದರೆ ತಕ್ಷಣ ನಿಲ್ಲಿಸಿ, ಕೋಟ್ ಕೈಬಿಟ್ಟಿದೆ ಎಂದರ್ಥ. ತೂತುಗಳಿರುವ ಸೀಟಿಗೆ ಬ್ರಷ್ ಬೇಡ, ಬಟ್ಟೆಗೆ ನೊರೆ ಮಾಡಿಕೊಂಡು ಒರೆಸಿ. ಒಳಗೆ ಹೀಟರ್ ತಂತಿ, ಫ್ಯಾನ್, ಕೂತವರನ್ನು ಗುರುತಿಸುವ ಸೆನ್ಸರ್ ಇರಬಹುದು.

ಚೊಕ್ಕ ಸೀಟು ಮಂಕಾಗಿ ಕಾಣುತ್ತದೆ. "ಹೊಳಪು ಹೋಯ್ತಲ್ಲ" ಎಂದು ಗಾಬರಿಯಾಗಬೇಡಿ. ಹೊಳೆಯುತ್ತಿದ್ದದ್ದು ಜಿಡ್ಡು.

ಎಲ್ಲಕ್ಕಿಂತ ಹೆಚ್ಚು ಪೆಟ್ಟು ತಿನ್ನುವ ಜಾಗ ಎರಡು. ಡ್ರೈವರ್ ಸೀಟಿನ ಬಾಗಿಲ ಕಡೆಯ ಉಬ್ಬು ಒಂದು: ಹತ್ತಿ ಇಳಿಯುವಾಗಲೆಲ್ಲ ಜೀನ್ಸ್ ಪ್ಯಾಂಟಿನ ಹೊಲಿಗೆ ಅದನ್ನು ಕೆರೆಯುತ್ತದೆ. ಇನ್ನೊಂದು ಹೆಡ್‌ರೆಸ್ಟ್. ನಮ್ಮಲ್ಲಿ ಕೊಬ್ಬರಿ ಎಣ್ಣೆಯ ತಲೆ ಒರಗದ ಹೆಡ್‌ರೆಸ್ಟ್ ಎಲ್ಲಿದೆ? ಎಣ್ಣೆ ನಿಧಾನಕ್ಕೆ ಕೋಟ್‌ ಒಳಗೆ ಸೇರಿ ಅಂಟಂಟಾಗಿಸುತ್ತದೆ, ಕೊನೆಗೆ ಉಗುರಿಗೇ ಬಣ್ಣ ಎದ್ದು ಬರುತ್ತದೆ. ಅಲ್ಲಿಗೆ ವಾರಕ್ಕೊಮ್ಮೆ ಒದ್ದೆ ಬಟ್ಟೆ, ತಿಂಗಳಿಗೊಮ್ಮೆ ಕ್ಲೀನರ್. ಮಿಕ್ಕ ಸೀಟಿಗೆ ಮೂರು ತಿಂಗಳಿಗೊಮ್ಮೆ ಸಾಕು. ಹೀಗಿರುವಾಗ ಸೀಟಿಗೇ ಕೊಬ್ಬರಿ ಎಣ್ಣೆ ಹಚ್ಚಿ ಎನ್ನುವ ವಿಡಿಯೊಗಳನ್ನು ನೋಡಿದರೆ ಏನು ಹೇಳಬೇಕೋ ತಿಳಿಯದು. ಆಲಿವ್ ಎಣ್ಣೆ, ವ್ಯಾಸಲಿನ್, ಬಾಳೆಹಣ್ಣಿನ ಸಿಪ್ಪೆ, ಎಲ್ಲ ಅದೇ ಸಾಲಿನವು.

ಬೇಡದವು ಇನ್ನೂ ಇವೆ. ಬಟ್ಟೆ ಸೋಪು ಕ್ಷಾರ, ಚರ್ಮದ ಗುಣ ಆಮ್ಲೀಯ, ಎರಡಕ್ಕೂ ಆಗಿಬರುವುದಿಲ್ಲ. ಸ್ಯಾನಿಟೈಸರ್ ಕೋಟನ್ನು ಕರಗಿಸುತ್ತದೆ. ಪೆನ್ನಿನ ಶಾಯಿಯ ಕಲೆಗೆ ಅದನ್ನು ಹಾಕಿದರೆ ಕಲೆ ಹರಡುತ್ತದೆ, ಜೊತೆಗೆ ಸೀಟಿನ ಬಣ್ಣವೂ ಹೋಗುತ್ತದೆ. ಮ್ಯಾಜಿಕ್ ಸ್ಪಂಜು ಅನ್ನುವುದು ನುಣುಪಾದ ಸ್ಯಾಂಡ್ ಪೇಪರ್. ಸಿಲಿಕೋನ್ ಇರುವ ಡ್ಯಾಶ್‌ಬೋರ್ಡ್ ಪಾಲಿಶ್ ಸೀಟನ್ನು ಜಾರುವಂತೆ ಮಾಡುತ್ತದೆ, ಮುಂದೆ ಬಣ್ಣ ಹಾಕಿಸುವಾಗ ಬಣ್ಣ ಹಿಡಿಯದಂತೆಯೂ ಮಾಡುತ್ತದೆ. ಹಬೆ ಹಾಯಿಸುವುದಂತೂ ಹಳೆಯ ಚರ್ಮಕ್ಕೆ ಬೇಡವೇ ಬೇಡ. ಒದ್ದೆ ಚರ್ಮಕ್ಕೆ ಜೋರು ಬಿಸಿ ತಾಗಿದರೆ ನಾರು ಕುಗ್ಗಿ ಗಟ್ಟಿಯಾಗುತ್ತದೆ, ಮತ್ತೆ ಮೊದಲಿನಂತಾಗದು.

ಮಂಗಳೂರು, ಉಡುಪಿ, ಮಲೆನಾಡಿನಲ್ಲಿ ಮಳೆಗಾಲದ ಕಾಟ ಬೂಷ್ಟು. ಮಾಸ್ಕ್ ಹಾಕಿ, ಕಾರನ್ನು ಬಯಲಿಗೆ ತಂದು, ನಾಲ್ಕೂ ಬಾಗಿಲು ತೆರೆದು ಒಣ ಬ್ರಷ್‌ನಿಂದ ತೆಗೆಯಿರಿ. ನೆನೆಸಿದರೆ ಹರಡುತ್ತದೆ. ಆಮೇಲೆ ಕ್ಲೀನರ್. ಮತ್ತೆ ಮತ್ತೆ ಬರುತ್ತಿದ್ದರೆ ಸೀಟನ್ನು ಬಿಟ್ಟು ಕಾರ್ಪೆಟ್ ಎತ್ತಿ ನೋಡಿ: ಎಸಿ ನೀರಿನ ಪೈಪೋ ಸನ್‌ರೂಫ್ ಪೈಪೋ ಕಟ್ಟಿಕೊಂಡು ಕೆಳಗೆ ನೀರು ನಿಂತಿರುತ್ತದೆ. ರಾಯಚೂರು, ಕಲಬುರಗಿ ಕಡೆಯವರಿಗೆ ಬೂಷ್ಟಿಗಿಂತ ಬಿಸಿಲೇ ಶತ್ರು. ಕಂಡಿಷನರ್‌ಗೆ ಖರ್ಚು ಮಾಡುವ ದುಡ್ಡಲ್ಲಿ ಮೊದಲು ಗಾಜಿಗೆ ಇಡುವ ಸನ್‌ಶೇಡ್ ತನ್ನಿ.

ಹಾಗಾದರೆ ಕಂಡಿಷನರ್ ಬೇಡವೇ? ಬೇಕು, ಆರು ತಿಂಗಳಿಗೊಮ್ಮೆ, ತೊಳೆದು ಪೂರ್ತಿ ಒಣಗಿದ ಸೀಟಿಗೆ, ನೀರು ಆಧಾರಿತ ತೆಳು ಕ್ರೀಮು. ಬಟ್ಟೆಗೆ ಒಂದು ರೂಪಾಯಿ ನಾಣ್ಯದಷ್ಟು ತೆಗೆದುಕೊಂಡರೆ ಒಂದು ಭಾಗಕ್ಕೆ ಆಯಿತು. ಇಪ್ಪತ್ತು ನಿಮಿಷ ಬಿಟ್ಟು, ಉಳಿದದ್ದನ್ನು ಒಣಬಟ್ಟೆಯಿಂದ ಒರೆಸಿ ತೆಗೆಯಿರಿ. ಮುಟ್ಟಿದರೆ ಅಂಟುತ್ತಿದ್ದರೆ ಹೆಚ್ಚಾಗಿದೆ, ಧೂಳು ಕೂರಲು ಹಾಸಿಗೆ ಹಾಸಿದ ಹಾಗೆ. ಇದರ ನಿಜವಾದ ಲಾಭ ಉಜ್ಜಾಟ ಕಡಿಮೆಯಾಗುವುದು. ಬಿರುಕು ಕೂಡುವುದಿಲ್ಲ.

ಬಿರುಕು ಬಿಟ್ಟಾಗಿದೆ ಎಂದರೆ ಮೊದಲು ಕುಶನ್ ಒತ್ತಿ ನೋಡಿ. ಒಳಗಿನ ಫೋಮ್ ಕುಸಿದಿದ್ದರೆ ಚರ್ಮ ಸಡಿಲಾಗಿ ಒಂದೇ ಕಡೆ ಮಡಚುತ್ತಿರುತ್ತದೆ. ಫೋಮ್ ಸರಿಮಾಡದೆ ಮೇಲೆ ಬಣ್ಣ ಹೊಡೆದರೆ ಅದೇ ಮಡಿಕೆಯಲ್ಲಿ ಮತ್ತೆ ಒಡೆಯುತ್ತದೆ. ಕೋಟ್ ಮಾತ್ರ ಒಡೆದಿದ್ದರೆ ದಾರಿ ಇದೆ: ಜಿಡ್ಡು ಪೂರ್ತಿ ತೆಗೆದು, 600 ನಂಬರಿನ ಸ್ಯಾಂಡ್ ಪೇಪರ್‌ನಲ್ಲಿ ಹಗುರವಾಗಿ ಉಜ್ಜಿ, ಬಾಗುವ ಲೆದರ್ ಫಿಲ್ಲರನ್ನು ತೆಳು ತೆಳುವಾಗಿ ತುಂಬಿ, ಪ್ರತಿ ಪದರ ಒಣಗಿದ ಮೇಲೆ ಮುಂದಿನದು. ನಂತರ ನೀರು ಆಧಾರಿತ ಬಣ್ಣ, ಕೊನೆಗೆ ಬಣ್ಣವನ್ನು ಕಾಯುವ ಟಾಪ್ ಕೋಟ್. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಾಗಲಿ ನಿಮ್ಮೂರಿನ ಕುಶನ್ ಅಂಗಡಿಯಲ್ಲಾಗಲಿ ಮಾಡಿಸುವಾಗ ಎರಡು ಪ್ರಶ್ನೆ ಕೇಳಿ: ಹಳೆಯ ಸಿಲಿಕೋನ್ ಏನು ಹಾಕಿ ತೆಗೆಯುತ್ತೀರಿ, ಬಣ್ಣದ ಮೇಲೆ ಟಾಪ್ ಕೋಟ್ ಕೊಡುತ್ತೀರಾ. ತಡವರಿಸಿದರೆ ಬೇರೆ ಅಂಗಡಿ ನೋಡಿ. ಚರ್ಮವೇ ಹರಿದು ನಾರು ಹೊರಬಂದಿದ್ದರೆ ಆ ಒಂದು ತುಂಡನ್ನಷ್ಟೇ ಬಿಚ್ಚಿ ಬೇರೆ ಚರ್ಮ ಹೊಲಿಸಬಹುದು, ಇಡೀ ಸೀಟು ಬದಲಿಸಬೇಕಿಲ್ಲ. ಸೀಟಿನ ಪಕ್ಕದಲ್ಲಿ ಏರ್‌ಬ್ಯಾಗ್ ಚೀಟಿ ಇದ್ದರೆ ಮಾತ್ರ ಆ ಕಡೆಯ ಹೊಲಿಗೆಯನ್ನು ಮುಟ್ಟಲು ಬಿಡಬೇಡಿ. ಏರ್‌ಬ್ಯಾಗ್ ಉಬ್ಬಿದಾಗ ಹರಿಯಬೇಕಾದ ಹೊಲಿಗೆ ಅದು, ಗಟ್ಟಿ ದಾರ ಹಾಕಿದರೆ ಹರಿಯುವುದಿಲ್ಲ.