ಒಂದೇ ವ್ಯಾಗನ್ ಇದ್ದರೂ ಬರುವ ರೈಲು

ನಾನು ತಿಪಟೂರಿನವನು. ಗೇಟ್ ಹಾಕಿದರೆ ಸೈಕಲ್ ನಿಲ್ಲಿಸಿ ಗೂಡ್ಸ್ ಗಾಡಿಯ ವ್ಯಾಗನ್ ಎಣಿಸುತ್ತ ಬೆಳೆದವನು. ಐವತ್ತು ದಾಟುವ ಹೊತ್ತಿಗೆ ಲೆಕ್ಕ ತಪ್ಪುತ್ತಿತ್ತು.

ಅಮೆರಿಕದ ವೂಸ್ಟರ್‌ಗೆ ಬಂದ ಹೊಸದರಲ್ಲಿ ಒಂದು ಬೆಳಿಗ್ಗೆ ಹೀಗೇ ಹಳಿ ಮುಂದೆ ಕಾರು ನಿಲ್ಲಿಸಬೇಕಾಯಿತು. ಎಂಜಿನ್ ಹಿಂದೆ ಮೂರೇ ವ್ಯಾಗನ್. ರೇಡಿಯೊ ಹಿಡಿದವನೊಬ್ಬ ಇಳಿದು ಬಂದು, ನಡುರಸ್ತೆಯಲ್ಲಿ ನಿಂತು ನಮ್ಮನ್ನೆಲ್ಲ ತಡೆದ. ಆಮೇಲೆ ಬಗ್ಗಿ, ಕಬ್ಬಿಣದ ಲಿವರ್ ಎಳೆದು, ಗಾಡಿ ಪಕ್ಕದ ಹಳಿಗೆ ತಿರುಗುವಂತೆ ಪಾಯಿಂಟ್ ಬದಲಿಸಿದ. ಒಂದು ವ್ಯಾಗನ್ ಅನ್ನು ಟಿಂಬರ್ ಡಿಪೊ ಒಳಗೆ ತಳ್ಳಿ, ಅಲ್ಲಿದ್ದ ಖಾಲಿ ವ್ಯಾಗನ್ ಕಟ್ಟಿಕೊಂಡು ಹೊರಟರು. ಇಬ್ಬರೇ ಸಿಬ್ಬಂದಿ. ನನಗೆ ಆಫೀಸಿಗೆ ಹೊತ್ತಾಯಿತು, ಆದರೆ ಬೇಜಾರಾಗಲಿಲ್ಲ.

ಅದು ಪ್ರಾವಿಡೆನ್ಸ್ ಅಂಡ್ ವೂಸ್ಟರ್ ರೈಲ್‌ರೋಡ್. 1847ರಲ್ಲಿ ಈ ಎರಡು ಊರುಗಳ ನಡುವೆ ಸುಮಾರು 70 ಕಿ.ಮೀ. ಲೈನ್ ಶುರುವಾಯಿತು. ಪಕ್ಕದಲ್ಲೇ ದೋಣಿ ಓಡುತ್ತಿದ್ದ ಬ್ಲಾಕ್‌ಸ್ಟೋನ್ ಕಾಲುವೆ ಮರುವರ್ಷವೇ ಮುಚ್ಚಿತು. ಮುಂದೆ ಲೈನನ್ನು ದೊಡ್ಡ ಕಂಪನಿಗಳಿಗೆ ಗುತ್ತಿಗೆ ಕೊಟ್ಟರು. ಅದು ಕೈ ಬದಲಾಗುತ್ತ ಪೆನ್ ಸೆಂಟ್ರಲ್ ಅನ್ನೋ ಭಾರಿ ರೈಲು ಕಂಪನಿಯ ಪಾಲಾಯಿತು. ಆ ದೈತ್ಯ 1970ರಲ್ಲಿ ದಿವಾಳಿಯಾದಾಗ ಪ್ರಾವಿಡೆನ್ಸ್ ಅಂಡ್ ವೂಸ್ಟರ್‌ನವರು ಸುಮ್ನೆ ಕೂರಲಿಲ್ಲ. ಹೋರಾಡಿ ಲೈನ್ ಬಿಡಿಸಿಕೊಂಡು, 1973ರ ಫೆಬ್ರವರಿಯಿಂದ ತಾವೇ ಗಾಡಿ ಓಡಿಸಿದರು.

ನನಗೆ ತುಂಬಾ ಹಿಡಿಸಿದ್ದು ಇವರ ಆಗಿನ ಓಟಿನ ನಿಯಮ. ಮೊದಲ 50 ಶೇರಿಗೆ ಶೇರಿಗೊಂದು ಓಟು, ಆಮೇಲೆ 20 ಶೇರಿಗೆ ಒಂದು. ಪೆನ್ ಸೆಂಟ್ರಲ್ ಹತ್ತಿರ ಇವರ ಕಂಪನಿಯ ಶೇಕಡಾ 28 ಶೇರು ಇತ್ತು, ಓಟು ಮಾತ್ರ ಶೇಕಡಾ 3ರಷ್ಟು! ವಿಷಯ ಕೋರ್ಟಿಗೆ ಹೋಯಿತು. 1977ರಲ್ಲಿ ಡೆಲವೇರ್ ರಾಜ್ಯದ ಸುಪ್ರೀಂ ಕೋರ್ಟ್ ಆ ನಿಯಮ ಸರಿ ಎಂದಿತು. ನಮ್ಮ ಸಹಕಾರ ಸಂಘಗಳಲ್ಲೂ ದುಡ್ಡಿದ್ದವನಿಗೆ ಜಾಸ್ತಿ ಓಟಿಲ್ಲ, ಅಲ್ವಾ? ಆದರೆ ರೈಲು ಕಂಪನಿಯಲ್ಲಿ ಇಂಥದ್ದಿರುತ್ತೆ ಅಂತ ನಾನು ಅಂದುಕೊಂಡಿರಲಿಲ್ಲ. ಈಗೇನೋ 2016ರಿಂದ ಇದೂ ಜೆನೆಸೀ ಅಂಡ್ ವಯೋಮಿಂಗ್ ಅನ್ನೋ ದೊಡ್ಡ ಗುಂಪಿನ ಕೈಯಲ್ಲಿದೆ. ಕೆಲಸದ ರೀತಿ ಮಾತ್ರ ಹಾಗೇ ಇದೆ. ದೂರದಿಂದ ಸಿಎಸ್‌ಎಕ್ಸ್ ಅನ್ನೋ ದೊಡ್ಡ ರೈಲು ಕಂಪನಿ ತಂದ ವ್ಯಾಗನ್‌ಗಳನ್ನು ವೂಸ್ಟರ್‌ನಲ್ಲಿ ಪಡೆದು, ಬಿಡಿಸಿ, ಗಿರಾಕಿಗಳ ಬಾಗಿಲಿಗೆ ಮುಟ್ಟಿಸುವುದು. ಒಂದು ವ್ಯಾಗನ್ ಮೂರು ನಾಲ್ಕು ಲಾರಿ ಲೋಡಿಗೆ ಸಮ.

ನಮ್ಮಲ್ಲಿ ಗೂಡ್ಸ್ ಅಂದರೆ ಇಡೀ ರೇಕ್, ಅಂದರೆ ಪೂರ್ತಿ ಗಾಡಿ. ಮಿನಿ ರೇಕ್ ಅಂದರೂ ಇಪ್ಪತ್ತು ವ್ಯಾಗನ್ ತುಂಬಬೇಕು. (ಪಾರ್ಸೆಲ್ ಬೋಗಿ ಬೇರೆ ಮಾತು.) ಅದಿರಿಗೆ, ಸಿಮೆಂಟಿಗೆ ಸರಿ. ತಿಪಟೂರಿನ ಕೊಬ್ಬರಿ ಮಂಡಿಯವನು ಎಲ್ಲಿಗೆ ಹೋಗಬೇಕು? ಹಿಂದೆ ಬಿಡಿ ವ್ಯಾಗನ್ ಬುಕ್ ಮಾಡಬಹುದಿತ್ತು. ಅವು ಯಾರ್ಡಿನಿಂದ ಯಾರ್ಡಿಗೆ ದಿನಗಟ್ಟಲೆ ಕಾಯುತ್ತ ಬಿದ್ದಿರುತ್ತಿದ್ದವು, ಅದಕ್ಕೇ ಆ ಪದ್ಧತಿ ಹೋಯಿತು. ರೈಲ್ವೆಯವರ ಕಷ್ಟವೂ ನಿಜವೇ. ಆದರೆ ಕೊನೆಯ ಹತ್ತಿಪ್ಪತ್ತು ಕಿ.ಮೀ. ಕೆಲಸವನ್ನು ಒಂದು ಎಂಜಿನ್, ಇಬ್ಬರು ಜನ ಇರುವ ಸಣ್ಣ ಸಂಸ್ಥೆಗೆ ಬಿಟ್ಟು ನೋಡಬಹುದಲ್ಲ ಅನಿಸುತ್ತದೆ.

ಕೊಬ್ಬರಿ ವ್ಯಾಪಾರ ಮಾಡುವ ನಮ್ಮ ಮಾವನಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದೆ.

"ಒಂದು ವ್ಯಾಗನ್‌ಗೆ ಎಂಜಿನ್ ಕಳಿಸ್ತಾರಾ? ಭೇಷ್! ಅದೇ ರೈಲಲ್ಲಿ ನೀನು ಪ್ರಾವಿಡೆನ್ಸ್‌ಗೆ ಹೋಗಿ ಬರ್ತೀಯೇನಪ್ಪ?"

"ಇಲ್ಲ ಮಾವ, ಆ ಲೈನಲ್ಲಿ ಪ್ಯಾಸೆಂಜರ್ ಗಾಡಿ ಇಲ್ಲ. ಕಾರಲ್ಲೇ ಹೋಗಬೇಕು."

ಮಾವ ನಗಾಡಿದರು. "ಸರಿಹೋಯ್ತು. ಅಲ್ಲಿ ಮರದ ತುಂಡಿಗೆ ರೈಲಿದೆ, ನಿನಗಿಲ್ಲ. ಇಲ್ಲಿ ನನಗಿದೆ, ಕೊಬ್ಬರಿಗಿಲ್ಲ."